ಗೋಕಾಕ ಜಲಪಾತದಿಂದ ವೆಂಗುರ್ಲಾ ಕಡಲಿನವರೆಗೆ: ಐದು ದಿನದ ದಾರಿ, ಹೋಗುವ ತಿಂಗಳು, ಹುಷಾರಾಗಿರಬೇಕಾದ ಜಾಗ

ಗೋಕಾಕ: ಊರಲ್ಲಿ ಹನಿ ಮಳೆ ಇರುವುದಿಲ್ಲ. ಆದರೂ ಲೋಳಸೂರ ಸೇತುವೆ ಮೇಲೆ ನೀರು ಬಂತು ಅಂತ ಮೊಬೈಲಿಗೆ ವಿಡಿಯೊ ಬರುತ್ತದೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈನಲ್ಲಿ ಸಂಕೇಶ್ವರ–ನರಗುಂದ ಹೆದ್ದಾರಿಯ ಈ ಸೇತುವೆ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಇಷ್ಟು ನೀರು ಎಲ್ಲಿಂದ ಬಂತು ಅಂತ ಕೇಳಿದರೆ ಹಿರಿಯರ ಉತ್ತರ ಒಂದೇ: "ಮ್ಯಾಲೆ ಘಟ್ಟದಾಗ ಮಳಿ ಆಗೇತ್ರಿ."

ಆ 'ಮ್ಯಾಲೆ' ಅನ್ನುವ ಜಾಗ ಬಹಳ ದೂರ ಇಲ್ಲ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿದರೆ ಅಂಬೋಲಿ. ಅಲ್ಲಿಂದ ಘಾಟ್ ಇಳಿದರೆ ಸಾವಂತವಾಡಿ, ಮುಂದೆ ವೆಂಗುರ್ಲಾ, ಅರಬ್ಬಿ ಸಮುದ್ರ. ಗೋಕಾಕದಿಂದ ಲೆಕ್ಕ ಹಾಕಿದರೂ ಒಂದು ಕಡೆಗೆ 200 ಕಿ.ಮೀ. ಒಳಗೇ ಮುಗಿಯುವ ದಾರಿ. ಜಲಪಾತ, ಹಕ್ಕಿಗಳ ಹಿನ್ನೀರು, ಅಣೆಕಟ್ಟು, ಮಳೆಕಾಡು, ಕಡಲತೀರ, ನೀರಿನ ನಡುವಿನ ಕೋಟೆ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹುಡುಗರು ಈ ದಾರಿ ಹಿಡಿಯುವುದು ಈಗ ಸಾಮಾನ್ಯ. ಆದರೆ ಬಹಳ ಮಂದಿ ಹೋಗುವುದು ಜುಲೈ–ಆಗಸ್ಟ್‌ನಲ್ಲಿ, ಅದೂ ಒಂದೇ ದಿನದಲ್ಲಿ ಎಲ್ಲ ಮುಗಿಸುವ ಅವಸರದಲ್ಲಿ. ಅದೇ ದಾರಿಯನ್ನು ಐದು ದಿನಕ್ಕೆ ಹಂಚಿ, ಸರಿಯಾದ ತಿಂಗಳು ನೋಡಿ ಹೋದರೆ ಹೇಗಿರುತ್ತದೆ, ಎಲ್ಲೆಲ್ಲಿ ಜೀವಕ್ಕೆ ಕುತ್ತು ಅನ್ನೋದರ ವಿವರ ಇಲ್ಲಿದೆ.

ಒಂದೇ ಮಳೆ, ಎರಡು ಸಮುದ್ರ

ಅಂಬೋಲಿ ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಸುಮಾರು 7 ಸಾವಿರ ಮಿ.ಮೀ. ಮಳೆ ಬೀಳುವ ಊರು. ಗೋಕಾಕ ಸೀಮೆಯಲ್ಲಿ ಅದರ ಹತ್ತನೇ ಒಂದು ಪಾಲು ಬಿದ್ದರೂ ಒಳ್ಳೆ ಮಳೆ ಆಯ್ತು ಅಂತಾರೆ. ಕಡಲಿನ ಕಡೆಯಿಂದ ಬರುವ ಮೋಡ ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲೇರಿ, ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಗುಡ್ಡ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಮೋಡದಲ್ಲಿ ಉಳಿದಿರುವುದು ಸ್ವಲ್ಪ.

ಅಂಬೋಲಿಯ ಏಣಿನ ಪಶ್ಚಿಮಕ್ಕೆ ಬಿದ್ದ ನೀರು ಅರಬ್ಬಿ ಸಮುದ್ರಕ್ಕೆ ಬೇಗ ಇಳಿದುಹೋಗುತ್ತದೆ. ಪೂರ್ವಕ್ಕೆ ಬಿದ್ದ ನೀರಿನ ದಾರಿ ಬೇರೆ. ಅಂಬೋಲಿಯ ಗುಹೆಯೊಂದರಲ್ಲಿ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುತ್ತದೆ. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಗೆ ಸೇರಿ, ಧೂಪದಾಳ ದಾಟಿ ಗೋಕಾಕ ಜಲಪಾತದಲ್ಲಿ ಧುಮುಕುತ್ತದೆ. ಅಲ್ಲಿಂದ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ.

ಇದರಲ್ಲಿ ಒಂದು ಗಮನಿಸುವ ಮಾತಿದೆ. ಹಿರಣ್ಯಕೇಶಿ ಘಟಪ್ರಭೆಗೆ ಸೇರುವುದು ಹಿಡಕಲ್ ಅಣೆಕಟ್ಟಿನ ಕೆಳಗೆ. ಅಂದರೆ ಡ್ಯಾಂ ಗೇಟು ಹಾಕಿದ್ದರೂ ಹಿರಣ್ಯಕೇಶಿಯ ನೀರನ್ನು ಅದು ತಡೆಯುವುದಿಲ್ಲ. "ಹಿಡಕಲ್‌ದಿಂದ ನೀರು ಬಿಟ್ಟಿಲ್ಲ, ಏನೂ ಆಗೋದಿಲ್ಲ" ಅಂತ ಜಲಪಾತದ ಬಂಡೆ ಮೇಲೆ ಇಳಿಯುವವರು ಈ ಲೆಕ್ಕ ಮರೆಯುತ್ತಾರೆ.

ಮೊದಲ ದಿನ: ಮನೆ ಬಾಗಿಲ ಜಲಪಾತಗಳು

ಪ್ರವಾಸ ಗೋಕಾಕ ಜಲಪಾತದಿಂದಲೇ ಶುರು ಮಾಡುವುದು ಸರಿ. ಊರಿಂದ 6 ಕಿ.ಮೀ. ದೂರದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ. ಕುದುರೆ ಲಾಳದ ಆಕಾರದ ಆ ಅಂಚು ಕಲಾದಗಿ ಶಿಲಾಸಮೂಹದ ಗಟ್ಟಿ ಮರಳುಗಲ್ಲಿನದು. ನೀರು ಎಷ್ಟು ಉಜ್ಜಿದರೂ ಬೇಗ ಸವೆಯದ ಕಲ್ಲು. ಅದಕ್ಕೇ ಜಲಪಾತ ಅಲ್ಲಿ ನಿಂತಿದೆ. ಆದರೆ ಉಜ್ಜಿ ಉಜ್ಜಿ ನುಣುಪಾದ ಅದೇ ಕಲ್ಲಿನ ಮೇಲೆ ಪಾಚಿ ಹತ್ತಿದರೆ ಕಾಲು ನಿಲ್ಲುವುದಿಲ್ಲ. ತೂಗುಸೇತುವೆ, ಮಹಾಲಿಂಗೇಶ್ವರ ದೇವಸ್ಥಾನ, 19ನೇ ಶತಮಾನದ ಗಿರಣಿ, ಹಳೆಯ ವಿದ್ಯುತ್ ಸ್ಥಾವರ ಎಲ್ಲ ಇಲ್ಲೇ ಇವೆ. ತೂಗುಸೇತುವೆ ಮೇಲೆ ಆ ದಿನ ಬಿಡುತ್ತಾರೋ ಇಲ್ಲವೋ ಅಂತ ಕಾವಲಿನವರನ್ನು ಕೇಳಿಯೇ ಮುಂದೆ ಹೋಗಬೇಕು.

ಮಧ್ಯಾಹ್ನದ ಹೊತ್ತಿಗೆ ಗೊಡಚಿನಮಲ್ಕಿ. ಇದು ಮಾರ್ಕಂಡೇಯ ನದಿಯ ಜಲಪಾತ. ಗೋಕಾಕದಿಂದ ಸುಮಾರು 15 ಕಿ.ಮೀ. ಎರಡು ಹಂತದಲ್ಲಿ ಬೀಳುತ್ತದೆ: ಮೊದಲು ಸುಮಾರು 25 ಮೀಟರ್, ಸ್ವಲ್ಪ ಮುಂದೆ ಹೋಗಿ ಇನ್ನೊಂದು ಸುಮಾರು 18 ಮೀಟರ್. ಎರಡು ಹಂತದ ನಡುವಿನ ಬಂಡೆ ನೋಡಲು ಸಪಾಟು, ಕೂತು ಬುತ್ತಿ ಬಿಚ್ಚಬಹುದು ಅನಿಸುತ್ತದೆ. ಅಪಾಯ ಇರುವುದೇ ಅಲ್ಲಿ. ಮೇಲಿನಿಂದ ನೀರು ಹೆಚ್ಚಾದರೆ ಹಿಂದೆ ಸರಿಯಲು ಜಾಗ ಇರುವುದಿಲ್ಲ.

ಸಂಜೆಗೆ ಧೂಪದಾಳ. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಈ ಒಡ್ಡಿನಿಂದಲೇ. ಮೂಡಲಗಿ ಭಾಗದ ಹೊಲಗಳಿಗೆ ನೀರು ಕೊಡುವ ಕಾಲುವೆ ಇದು. ಒಡ್ಡಿನ ಹಿನ್ನೀರಿನ ಸುತ್ತಲಿನ 29.78 ಚದರ ಕಿ.ಮೀ. ಪ್ರದೇಶ ಘಟಪ್ರಭಾ ಪಕ್ಷಿಧಾಮ. ಚಳಿಗಾಲದಲ್ಲಿ ಡೆಮಾಯಿಸೆಲ್ ಕ್ರೇನ್ ಎಂಬ ಬೂದು ಬಣ್ಣದ ಕೊಕ್ಕರೆಗಳು ಮಧ್ಯ ಏಷ್ಯಾದ ಕಡೆಯಿಂದ ಇಲ್ಲಿಗೆ ಬರುತ್ತವೆ. ಅವುಗಳನ್ನು ನೋಡಬೇಕೆಂದರೆ ನವೆಂಬರಿನಿಂದ ಫೆಬ್ರುವರಿವರೆಗೆ ಬರಬೇಕು.

ಎರಡನೇ ದಿನ: ಹಿಡಕಲ್‌ನಿಂದ ಅಂಬೋಲಿ

ಬೆಳಗ್ಗೆ ಬೇಗ ಹೊರಟರೆ ಹುಕ್ಕೇರಿ ಭಾಗದಲ್ಲಿ ಎರಡು ತಾಸು ಕಳೆಯಬಹುದು. ಊರೊಳಗಿನ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ವಿಜಯಪುರದ ಗೋಳಗುಮ್ಮಟದ ತಮ್ಮಂದಿರು ಅನ್ನಬಹುದು. ಹಿಡಕಲ್‌ನ ರಾಜಾ ಲಖಮಗೌಡ ಅಣೆಕಟ್ಟಿನ ಸಾಮರ್ಥ್ಯ 51 ಟಿಎಂಸಿ ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗೆ ಕಾಣುತ್ತದೆ. ಜನ ಅದನ್ನು ನೋಡಲು ಮುಗಿಬೀಳುತ್ತಾರೆ. ಹಿನ್ನೀರಿನ ಕೆಸರು ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಸೊಂಟದವರೆಗೆ ಇಳಿಯುವುದುಂಟು. ಜನ ನಡೆದು ಗಟ್ಟಿಯಾದ ಕಾಲುದಾರಿ ಬಿಟ್ಟು ಹೋಗಬಾರದು.

ಸಂಕೇಶ್ವರದಿಂದ ರಾಷ್ಟ್ರೀಯ ಹೆದ್ದಾರಿ 548ಎಚ್ ಶುರು. ಇದು ಸಂಕೇಶ್ವರ–ಬಾಂದಾ ರಸ್ತೆ. ಗಡಹಿಂಗ್ಲಜ, ಆಜರಾ, ಅಂಬೋಲಿ ಮೂಲಕ ಸಾವಂತವಾಡಿ ಕಡೆ ಇಳಿಯುತ್ತದೆ. ಘಟ್ಟ ಇಳಿದು ಕಡಲಿಗೆ ಹೋಗುವ ಓಡಾಟ ಈ ಸೀಮೆಗೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ವೆಂಗುರ್ಲಾ ಬಂದರಿಗೆ ಬಂದ ಸಾಮಾನು ಬೆಳಗಾವಿಯ ದಂಡಿಗೆ ಹೋಗುತ್ತಿದ್ದ ದಾರಿಯಲ್ಲಿ ಅಂಬೋಲಿ ಒಂದು ತಂಗುದಾಣವಾಗಿ ಬೆಳೆಯಿತು.

ಆಜರಾ ದಾಟಿದ ಮೇಲೆ ನೆಲ ಬದಲಾಗುತ್ತದೆ. ಕಪ್ಪು ಎರೆ ಮಣ್ಣು ಹೋಗಿ ಕೆಂಪು ಜಂಬಿಟ್ಟಿಗೆ ಬರುತ್ತದೆ. ಜೋಳ–ಕಬ್ಬಿನ ಜಾಗದಲ್ಲಿ ಗೋಡಂಬಿ, ಕಾಡು. ಅಂಬೋಲಿ ತಲುಪಿದ ಸಂಜೆ ಹಿರಣ್ಯಕೇಶಿ ಉಗಮಕ್ಕೆ ಹೋಗಬಹುದು. ಗುಹೆಯೊಳಗಿಂದ ಬರುವ ನೀರು, ಅದರ ಮುಂದೆ ದೇವಸ್ಥಾನ, ಸಣ್ಣ ಕುಂಡ. ಗೋಕಾಕದಲ್ಲಿ ಅಬ್ಬರಿಸುವ ನೀರಿನ ಒಂದು ಪಾಲು ಇಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟು ಸಣ್ಣದಾಗಿ ಹರಿಯುತ್ತದೆ.

ಈ ಕುಂಡದಲ್ಲಿ ಸಿಕ್ಕ ಸಣ್ಣ ಮೀನೊಂದು ವಿಜ್ಞಾನಕ್ಕೆ ಹೊಸ ಜಾತಿ ಅಂತ ಗೊತ್ತಾಗಿ, ನದಿಯ ಹೆಸರಿನಲ್ಲೇ 'ಶಿಸ್ಟುರಾ ಹಿರಣ್ಯಕೇಶಿ' ಎಂದು ಕರೆಯಲಾಯಿತು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಈ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿತು. ಆದ್ದರಿಂದ ಕುಂಡದಲ್ಲಿ ಸಾಬೂನು ಹಚ್ಚುವುದು, ಮೀನು ಹಿಡಿಯುವುದು, ಪ್ಲಾಸ್ಟಿಕ್ ಎಸೆಯುವುದು ಬೇಡ.

ಅಂಬೋಲಿಯ ಜಂಬಿಟ್ಟಿಗೆ ಬಯಲುಗಳಲ್ಲಿ ಇನ್ನೊಂದು ಅಪರೂಪದ ಜೀವ ಇದೆ. ಹುಲಿ ಪಟ್ಟೆಯ ಒಂದು ನೆಲಗಪ್ಪೆ. ಅಂಬೋಲಿ ಸೀಮೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಹೆಚ್ಚುಕಮ್ಮಿ ಸಿಗುವುದಿಲ್ಲ. ಮಳೆ ಶುರುವಾದಾಗ ಬಂಡೆಯ ಸಣ್ಣ ಗುಂಡಿಗಳಲ್ಲಿ ಮೊಟ್ಟೆ ಇಡುತ್ತದೆ. ನೋಡುವವರಿಗೆ ಬರೀ ಬೋಳು ಬಯಲು. ಅದರ ಮೇಲೆ ಜೀಪು, ಬೈಕು ಓಡಿಸಿದರೆ ಒಂದು ಸಂತತಿಯೇ ಗಾಲಿ ಕೆಳಗೆ ಹೋಗುತ್ತದೆ.

ಮೂರನೇ ದಿನ: ಕಾಡಿನ ನಡಿಗೆ, ಘಾಟ್ ಇಳಿಜಾರು

ಬೆಳಗ್ಗೆ ಮೂರು ತಾಸು ಕಾಡಿನಲ್ಲಿ ನಡೆಯಬಹುದು, ಆದರೆ ಊರಿನ ಮಾರ್ಗದರ್ಶಿ ಜೊತೆಯಲ್ಲಿ ಇರಲೇಬೇಕು. ಅರಣ್ಯ ಇಲಾಖೆ ಎಲ್ಲಿಯವರೆಗೆ ಬಿಡುತ್ತದೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಇದು ಹುಲಿ, ಕಾಟಿ, ಕರಡಿ ಓಡಾಡುವ ಸಹ್ಯಾದ್ರಿಯ ಪಟ್ಟಿ. ಹಸಿರು ಬಣ್ಣದ ಮಲಬಾರ್ ಗುಳಿಮಂಡಲ ಹಾವು ಗಿಡದ ಕೊಂಬೆಯ ಮೇಲೆ ಅಲುಗಾಡದೆ ಕೂತಿರುತ್ತದೆ. ಆಧಾರಕ್ಕೆ ಅಂತ ಕಂಡ ಕೊಂಬೆ ಹಿಡಿಯುವ ರೂಢಿ ಇಲ್ಲಿ ಬಿಡಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ಮಧ್ಯಾಹ್ನ ಘಾಟ್ ಇಳಿಯುವುದು. ಸಾವಂತವಾಡಿಗೆ ಸುಮಾರು 30 ಕಿ.ಮೀ. ಇಷ್ಟು ದೂರದಲ್ಲಿ ರಸ್ತೆ ಸಹ್ಯಾದ್ರಿಯ ತಲೆಯಿಂದ ಕೊಂಕಣದ ಬುಡಕ್ಕೆ ಇಳಿದುಬಿಡುತ್ತದೆ. ಬಯಲು ಸೀಮೆಯ ಚಾಲಕರು ಮಾಡುವ ತಪ್ಪು ಒಂದೇ: ಕಾಲು ಬ್ರೇಕ್ ಮೇಲೇ ಇಟ್ಟು ಇಳಿಯುವುದು. ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಅನ್ನುವುದು ಹಳೆ ಲಾರಿ ಚಾಲಕರ ಮಾತು. ಗಾಡಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಆಟ ಇಲ್ಲಿ ಬೇಡ.

ಸಾವಂತವಾಡಿ ಕಟ್ಟಿಗೆಯ ಆಟಿಕೆ, ಕೈಯಿಂದ ಚಿತ್ರ ಬರೆದ ಗಂಜೀಫಾ ಎಲೆಗಳಿಗೆ ಹೆಸರಾದ ಊರು. ಅಲ್ಲಿಂದ ಮುಕ್ಕಾಲು ತಾಸಿನಲ್ಲಿ ವೆಂಗುರ್ಲಾ. ಡಚ್ಚರು 17ನೇ ಶತಮಾನದಲ್ಲಿ ಕಟ್ಟಿದ ವಖಾರಿಯ ಪಾಳುಗೋಡೆ, ದೀಪಸ್ತಂಭ, ಬಂದರು ನೋಡಿ ರಾತ್ರಿ ಅಲ್ಲೇ ಉಳಿಯಬಹುದು. ಹತ್ತಿರದ ವಾಯಂಗಣಿ ತೀರದಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮರಳಲ್ಲಿ ಮೊಟ್ಟೆ ಇಡುತ್ತವೆ. ರಾತ್ರಿ ಟಾರ್ಚ್ ಹಾಕಿ ಅವುಗಳ ಹಿಂದೆ ಓಡಬಾರದು. ಬೆಳಕಿಗೆ ಆಮೆ ದಿಕ್ಕು ತಪ್ಪುತ್ತದೆ.

ನಾಲ್ಕನೇ ದಿನ: ಮಾಲ್ವಣದ ಕೋಟೆ, ತಾರ್ಕರ್ಲಿಯ ನೀರು

ವೆಂಗುರ್ಲಾದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ಮಾಲ್ವಣ. ತೀರದಿಂದ ಸ್ವಲ್ಪ ದೂರದ ದ್ವೀಪದ ಮೇಲೆ ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ಆರಂಭಿಸಿದ ಸಿಂಧುದುರ್ಗ ಕೋಟೆ ಇದೆ. ಸುಮಾರು 48 ಎಕರೆ ಹರಡಿದ ಈ ಕೋಟೆಯ ಸುತ್ತ ಉಪ್ಪು ನೀರು, ಒಳಗೆ ಮಾತ್ರ ಸಿಹಿನೀರಿನ ಮೂರು ಬಾವಿಗಳು. ದೋಣಿಯಲ್ಲೇ ಹೋಗಬೇಕು.

ಪಕ್ಕದ ತಾರ್ಕರ್ಲಿಯಲ್ಲಿ ಸ್ನಾರ್ಕ್ಲಿಂಗ್, ಸ್ಕೂಬಾ ಡೈವಿಂಗ್ ನಡೆಯುತ್ತವೆ. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಡೈವಿಂಗ್ ತರಬೇತಿ ಸಂಸ್ಥೆಯೂ ಇಲ್ಲಿದೆ. ದಮ್ಮು, ಹೃದಯದ ತೊಂದರೆ, ಕಿವಿ ಸೋಂಕು ಇದ್ದವರು ಮುಚ್ಚಿಡದೆ ಮೊದಲೇ ಹೇಳಬೇಕು. ನೆಗಡಿ ಇದ್ದರೂ ಇಳಿಯಬಾರದು, ಕಿವಿಯ ಪರದೆಗೆ ಪೆಟ್ಟಾಗುತ್ತದೆ. ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. ನೀರಿನಾಳದಲ್ಲಿ ಉಸಿರಾಡಿದಾಗ ನೈಟ್ರೋಜನ್ ಅನಿಲ ರಕ್ತದಲ್ಲಿ ಕರಗಿರುತ್ತದೆ. ಡೈವ್ ಮುಗಿದ ಕೂಡಲೇ ಘಾಟ್ ಏರಿದರೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಗುಳ್ಳೆಯಾಗುವ ಸಾಧ್ಯತೆ ಇದೆ. ಆದ್ದರಿಂದ ಆ ರಾತ್ರಿ ಕಡಲ ತೀರದಲ್ಲೇ ಉಳಿದು, ಐದನೇ ದಿನ ಬೆಳಗ್ಗೆ ಊರ ದಾರಿ ಹಿಡಿಯುವುದು ಸರಿ. ಪ್ರವಾಸಕ್ಕೆ ಐದು ದಿನ ಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಹೊಳಿಯೊಳಗ ಈಸಿದವರಿಗೆ ಸಮುದ್ರ ಯಾಕೆ ಕಷ್ಟ

ಘಟಪ್ರಭೆಯ ದಂಡೆಯ ಹುಡುಗರು ಸಣ್ಣವರಿದ್ದಾಗಲೇ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿಯುತ್ತಾರೆ. "ಹೊಳಿ ದಾಟಿದವರಿಗೆ ಸಮುದ್ರದ ದಂಡಿ ಏನ್ ದೊಡ್ಡದು" ಅನ್ನುವ ಧೈರ್ಯ ಅಲ್ಲಿಂದ ಬರುತ್ತದೆ. ಕಡಲಲ್ಲಿ ಕೈಕೊಡುವುದು ಇದೇ ಧೈರ್ಯ.

ಹೊಳೆಯ ನೀರು ಒಂದು ದಿಕ್ಕಿಗೆ ಹರಿಯುತ್ತದೆ. ಬಾವಿಯ ನೀರು ನಿಂತಿರುತ್ತದೆ. ಕಡಲಲ್ಲಿ ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲೋ ಒಂದು ಕಡೆ ವಾಪಸ್ ಹೋಗಲೇಬೇಕು. ಮರಳದಿಣ್ಣೆಯ ನಡುವೆ ತಗ್ಗಿರುವ ಜಾಗದಲ್ಲಿ ಅದು ಸಣ್ಣ ಹೊಳೆಯ ಹಾಗೆ ಒಳಮುಖವಾಗಿ ನುಗ್ಗುತ್ತದೆ. ಅದೇ ಕಡಲ ಸೆಳೆತ. ಅದರ ವೇಗ ಒಳ್ಳೆಯ ಈಜುಗಾರನನ್ನೂ ಮೀರಿಸಬಲ್ಲದು.

ಮೋಸ ಏನೆಂದರೆ, ಸೆಳೆತ ಇರುವ ಜಾಗದಲ್ಲಿ ತೆರೆ ಕಡಿಮೆ ಒಡೆಯುತ್ತದೆ. ಎರಡೂ ಕಡೆ ಬಿಳಿ ನೊರೆ, ನಡುವೆ ಶಾಂತವಾದ ಗಾಢ ಬಣ್ಣದ ಪಟ್ಟಿ. ಹೊಸಬರು "ಇಲ್ಲಿ ತೆರಿ ಇಲ್ಲ, ಮಕ್ಕಳನ್ನ ಇಲ್ಲೇ ಆಡಿಸೋಣ" ಅಂತ ಅದೇ ಪಟ್ಟಿಗೆ ಇಳಿಯುತ್ತಾರೆ.

ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರವಾಗಿ ಈಜಬಾರದು. ದಣಿವೇ ಕೊಲ್ಲುವುದು. ಅದು ಪಾತಾಳಕ್ಕೆ ಎಳೆಯುವುದಿಲ್ಲ, ಒಳಗೆ ಒಯ್ಯುತ್ತದೆ ಅಷ್ಟೆ. ತಲೆ ಮೇಲಿಟ್ಟು ತೇಲಬೇಕು, ಕೈ ಎತ್ತಿ ಕೂಗಬೇಕು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ತೆರೆಯ ಜೊತೆ ದಡಕ್ಕೆ ಬರಬೇಕು. ದಡದಲ್ಲಿದ್ದವರು ಒಬ್ಬರ ಹಿಂದೊಬ್ಬರು ಹಾರಬಾರದು. ಹಗ್ಗ, ಖಾಲಿ ಕ್ಯಾನ್, ಟ್ಯೂಬ್ ಏನು ಸಿಕ್ಕರೂ ಎಸೆಯಬೇಕು.

ಈ ಮಾತು ಸುಮ್ಮನೆ ಹೇಳಿದ್ದಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕು ತೀರಿಕೊಂಡರು. 2025ರ ಅಕ್ಟೋಬರ್ ಆರಂಭದಲ್ಲಿ ವೆಂಗುರ್ಲಾ ತಾಲ್ಲೂಕಿನ ಶಿರೋಡಾ–ವೇಳಾಗರ ತೀರದಲ್ಲಿ ಬೆಳಗಾವಿ ಜಿಲ್ಲೆಯಿಂದ ಹೋಗಿದ್ದ ಕುಟುಂಬದವರು ಸಮುದ್ರಪಾಲಾದರು. ಸಿಹಿನೀರಿನಲ್ಲೂ ಇದೇ ಕತೆ: 2022ರ ನವೆಂಬರಿನಲ್ಲಿ ಚಂದಗಡ ತಾಲ್ಲೂಕಿನ ಕಿತವಾಡ ಜಲಪಾತದಲ್ಲಿ ಬೆಳಗಾವಿಯ ನಾಲ್ವರು ಯುವತಿಯರು ನೀರುಪಾಲಾದರು. ಈ ಮೂರೂ ನಡೆದದ್ದು ಮಳೆಗಾಲ ಮುಗಿದ ಮೇಲೆ. ತಿಂಗಳು ಸರಿ ಇದ್ದರೆ ಸಾಲದು, ಜಾಗವೂ ಗೊತ್ತಿರಬೇಕು.

ಹಾಗಾದರೆ ಯಾವ ತಿಂಗಳು?

ಜೂನ್‌ನಿಂದ ಆಗಸ್ಟ್‌ವರೆಗೆ ಇಡೀ ಪ್ರವಾಸ ಒಂದೇ ಸಲ ಮಾಡುವುದು ಆಗದ ಮಾತು. ಜಲಪಾತ ತುಂಬಿರುತ್ತವೆ, ಆದರೆ ಅವುಗಳ ಹತ್ತಿರ ಹೋಗುವುದು ಅಪಾಯ. ಸಿಂಧುದುರ್ಗದ ದೋಣಿ ಸಂಚಾರ, ಜಲಕ್ರೀಡೆಗಳನ್ನು ಸಾಮಾನ್ಯವಾಗಿ ಮೇ ಕೊನೆಯ ವಾರದಿಂದ ಆಗಸ್ಟ್ ಕೊನೆಯವರೆಗೆ ನಿಲ್ಲಿಸುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಹುಟ್ಟಿದಾಗಿನಿಂದ ಕಡಲು ನೋಡಿದ ಮೀನುಗಾರರೇ ದೋಣಿ ದಡಕ್ಕೆ ಎಳೆದಿಟ್ಟ ತಿಂಗಳಲ್ಲಿ ಬಯಲು ಸೀಮೆಯವರು ನೀರಿಗೆ ಇಳಿಯುವುದರಲ್ಲಿ ಅರ್ಥ ಇಲ್ಲ. ಮುಂಗಾರಿನ ಮುನ್ನದ ದಿನಗಳೂ ಸರಳ ಅಲ್ಲ. 2022ರ ಮೇ ಕೊನೆಯಲ್ಲಿ ತಾರ್ಕರ್ಲಿ ಬಳಿ ಸ್ಕೂಬಾ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಇಬ್ಬರು ಪ್ರವಾಸಿಗರು ಸತ್ತರು.

ಸೆಪ್ಟೆಂಬರಿನಲ್ಲಿ ಅಂಬೋಲಿ ಇನ್ನೂ ಹಸಿರು, ಕಡಲು ಇನ್ನೂ ಒರಟು. ನವೆಂಬರಿನಿಂದ ಫೆಬ್ರುವರಿವರೆಗೆ ಎಲ್ಲ ಕೂಡಿ ಬರುತ್ತದೆ: ಧೂಪದಾಳದಲ್ಲಿ ಹಕ್ಕಿ, ಅಂಬೋಲಿಯಲ್ಲಿ ಚಳಿ, ತಾರ್ಕರ್ಲಿಯಲ್ಲಿ ತಿಳಿನೀರು. ಗೋಕಾಕ ಜಲಪಾತ ಮಾತ್ರ ಸೊರಗಿರುತ್ತದೆ. ಅದನ್ನು ಅಬ್ಬರದಲ್ಲಿ ನೋಡಬೇಕೆಂದರೆ ಮಳೆಗಾಲದಲ್ಲಿ ಬೇರೆ ದಿನ ಹೋಗಿ, ಕಟಾಂಜನದ ಈಚೆ ನಿಂತು ನೋಡಿದರೆ ಆಯಿತು. ಮನೆ ಬಾಗಿಲಲ್ಲೇ ಇದೆ.

ಹೊರಡುವ ಮೊದಲು

ಮೂಡಲಗಿಯಿಂದ ಹೊರಡುವವರು 25–30 ಕಿ.ಮೀ. ಹೆಚ್ಚು ಲೆಕ್ಕ ಹಾಕಬೇಕು. ಐದನೇ ದಿನ ಮಾಲ್ವಣದಿಂದ ವಾಪಸ್ ಬರುವ ದಾರಿ 200 ಕಿ.ಮೀ. ದಾಟುತ್ತದೆ, ಅದರಲ್ಲಿ ಘಾಟ್ ಹಗಲಲ್ಲೇ ಏರಬೇಕು.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಐದು ದಿನ ಕೆಡುವುದಿಲ್ಲ. ಗೋಕಾಕದ ಕರದಂಟಂತೂ ನಡಿಗೆಗೆ ಹೇಳಿ ಮಾಡಿಸಿದ್ದು. ಅಂಟು, ಬೆಲ್ಲ, ಒಣಹಣ್ಣು ಕೂಡಿದ ಒಂದು ತುಂಡು ಜೇಬಲ್ಲಿದ್ದರೆ ಪೇಟೆಯ ಎನರ್ಜಿ ಬಾರ್ ಬೇಕಾಗುವುದಿಲ್ಲ. ಮಳೆಯ ಹಸಿ ಉಳಿದಿರುವಾಗ ಅಂಬೋಲಿಯಲ್ಲಿ ಇಂಬಳ ಹತ್ತುತ್ತವೆ, ಉದ್ದನೆಯ ಸಾಕ್ಸ್, ಸ್ವಲ್ಪ ಉಪ್ಪು ಇರಲಿ.

ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೈಯಲ್ಲಿ ಹಿಡಿಯದೆ ಮೈಮೇಲೆ ಹಾಕಿ ಬಕಲ್ ಬಿಗಿಯಬೇಕು. ಜನ ಹೆಚ್ಚಾಗಿದ್ದರೆ ಮುಂದಿನ ದೋಣಿಗೆ ಕಾಯಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ದೊಡ್ಡದು, ಇಳಿತದ ಸೆಳೆತವೂ ಜೋರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆ ಸುರಕ್ಷಿತವಾಗಿದ್ದ ಹೊತ್ತು ಇವತ್ತು ಅಲ್ಲ. ಅಪಾಯದಲ್ಲಿ ತುರ್ತು ಸಂಖ್ಯೆ 112, ಕಡಲಲ್ಲಾದರೆ ಕರಾವಳಿ ಕಾವಲು ಪಡೆಯ 1554.

ಇದೇ ಬಗೆಯ ಚಾರಣವನ್ನು ಕರ್ನಾಟಕದ ಕಾಡುಗಳಲ್ಲಿ ಮಾಡಬೇಕೆನ್ನುವವರು ಅರಣ್ಯ ಇಲಾಖೆ 2024ರ ಅಕ್ಟೋಬರಿನಲ್ಲಿ ಆರಂಭಿಸಿದ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ.

ಕೊನೆಗೆ, ನೀರಿಗೆ ಇಳಿಯುವ ಮುಂಚೆ ಐದು ನಿಮಿಷ ದಡದಲ್ಲಿ ನಿಂತು ನೋಡುವುದು, ಬಲೆ ಸರಿಪಡಿಸುತ್ತ ಕೂತ ಊರಿನವರೊಬ್ಬರನ್ನು ಕೇಳುವುದು ಒಳ್ಳೆಯದು. ಕನ್ನಡ ಬಾರದಿದ್ದರೂ ಅವರ ತಲೆ ಅಲ್ಲಾಡಿಸುವುದು ಅರ್ಥ ಆಗುತ್ತದೆ. ಲೋಳಸೂರ ಸೇತುವೆಗೆ ನೀರು ಬಂದಾಗ ಹೊರಗಿನವರು ಗಾಡಿ ನುಗ್ಗಿಸಲು ಹೊರಟರೆ ಗೋಕಾಕದವರು ತಡೆದು ಹೇಳುವ ಮಾತೇ ಅವರೂ ಹೇಳುವುದು: "ಇವತ್ತ ಬ್ಯಾಡ್ರಿ, ನೀರ ಸರಿ ಇಲ್ಲ."